ಕೆಂಪಕ್ಕನ ತುರ್ತು ಸಭೆ

ಕೇಳ್ರಪ್ಪಾ ಮಕ್ಕಳೇ, ಕಾಡಿನ ನಡುವೆ ಒಂದು ಕೆರೆ. ಅದರ ನೀರು ತಡೆಯೋ ಮಣ್ಣಿನ ಏರಿ ನೋಡ್ಕೊಳ್ಳೋಕೆ ಪ್ರಾಣಿಗಳೆಲ್ಲ ಸೇರಿ ಸಂಬಳ ಇಲ್ಲದ ಒಂದು ಸಂಘ ಕಟ್ಟಿದ್ವು. ಅಧ್ಯಕ್ಷ ಆಮೆ. ಒಂದು ದಿನ ಆಮೆ ಮುನಿಸ್ಕೊಂಡು, ರಾಜೀನಾಮೆ ಬಿಸಾಕಿ ಹೊರಟೇಬಿಡ್ತು. ಹೋಗಿ ಮೂರು ದಿನ ಆಗಿತ್ತು. ಬೆನ್ನು ಇನ್ನೂ ಕಾಣ್ತಾನೇ ಇತ್ತು, ಆದ್ರೆ ಕರೆದ್ರೆ ತಿರುಗ್ತಿರಲಿಲ್ಲ.

ಅಷ್ಟರಲ್ಲಿ ಏರಿಗೆ ತೂತು ಬಿತ್ತು. ನೀರು ಸೋರೋಕೆ ಶುರು.

ಸಂಘದ ಕಾರ್ಯದರ್ಶಿ ಕಪ್ಪೆ ಕೆಂಪಕ್ಕ ಏರಿಗೆ ಕುಪ್ಪಳಿಸಿ ಬಂದು ನೋಡಿದಳು. ಅವಳ ಮಕ್ಕಳು ಇನ್ನೂ ಗೊದಮೊಟ್ಟೆ. ಕಾಲೇ ಮೂಡಿಲ್ಲ, ನೀರು ಹೋದ್ರೆ ಎಲ್ಲಿಗೆ ಓಡ್ತವೆ? ಆದ್ರೆ ಅಧ್ಯಕ್ಷರು ಹೇಳದೆ ಯಾರೂ ಏರಿ ಮುಟ್ಟಂಗಿಲ್ಲ ಅನ್ನೋದು ಸಂಘದ ನಿಯಮ.

"ನಾಳೆ ಬೆಳಿಗ್ಗೆ ಸಭೆ. ಹಂಗಾಮಿ ಅಧ್ಯಕ್ಷರನ್ನ ಆರಿಸ್ತೀವಿ, ತೂತು ಮುಚ್ತೀವಿ. ಅಷ್ಟೇ!" ಅಂತ ಹಲ್ಲು ಕಚ್ಚಿದಳು. (ಕಪ್ಪೆಗೆ ಹಲ್ಲೆಲ್ಲಿ ಅಂತ ಕೇಳ್ಬೇಡಿ. ಹಟ ಅಂಥದ್ದು.)

ಕೆಂಪಕ್ಕನ ಕೊರತೆ ಒಂದೇ. ಯಾರಿಗೂ ಬೇಜಾರು ಮಾಡೋಕೆ ಅವಳಿಗೆ ಬರ್ತಿರಲಿಲ್ಲ.

ಆಲದೆಲೆ ಮೇಲೆ ಆಹ್ವಾನ ಪತ್ರಿಕೆ ಬರೆದಳು. ನವಿಲು ನೋಡಿ ಕತ್ತು ಕೊಂಕಿಸಿತು.

"ನನ್ನ ಹೆಸರೆಲ್ಲಿ ಕೆಂಪಕ್ಕ? ಉದ್ಘಾಟನೆ ಯಾರು ಮಾಡೋದು?"

"ತೂತು ಮುಚ್ಚೋಕೆ ಉದ್ಘಾಟನೆ ಯಾಕಣ್ಣ?"

"ಹಂಗಾದ್ರೆ ನಾನು ಬರಲ್ಲ ಬಿಡು."

ಹೆಸರು ಹಾಕಿದಳು. ಮೊಲ, "ಪ್ರಾರ್ಥನೆ ನಂದು" ಅಂತು. ಹಾಕಿದಳು. ಕೋತಿಗೆ ಮುಖ್ಯ ಅತಿಥಿ ಆಗ್ಬೇಕಿತ್ತು. ಅದೂ ಆಯ್ತು. ಕೋಣ ದೊಡ್ಡಯ್ಯ ಮೆಲುಕು ಹಾಕ್ತಾ, "ನನ್ನದು ಘನ ಉಪಸ್ಥಿತಿ ಅಂತ ದಪ್ಪಕ್ಷರದಲ್ಲಿ ಹಾಕವ್ವ" ಅಂದ. ಹೀಗೇ ಒಬ್ಬೊಬ್ಬರಾಗಿ ಹದಿನಾರು ಹೆಸರಾಗಿ, ಆಲದೆಲೆ ಸಾಲದೆ ಬಾಳೆ ಎಲೆ ತರಬೇಕಾಯ್ತು.

ಬೆಳಿಗ್ಗೆ ಏರಿ ಮೇಲೇ ವೇದಿಕೆ. ಕೆಂಪಕ್ಕ ನೋಡ್ತಾಳೆ, ವೇದಿಕೆ ಮೇಲೆ ಹದಿನಾರು ಜನ, ಕೆಳಗೆ ಒಬ್ಬರೂ ಇಲ್ಲ! ಎಲ್ಲರೂ ಗಣ್ಯರೇ.

"ಕೆರೆ ಅರ್ಧ ಖಾಲಿ ಆಗಿದೆ, ಬೇಗ ಮುಗಿಸ್ರಣ್ಣ," ಅಂತ ಬೇಡಿಕೊಂಡಳು.

"ಎರಡೇ ಮಾತು," ಅಂತ ಎದ್ದ ನವಿಲು ಮುಕ್ಕಾಲು ಗಂಟೆ ಎಳೀತು.

ಕೊನೆಗೆ ಏರಿಗೇ ಸಾಕಾಯ್ತು. ಹದಿನಾರು ಗಣ್ಯರ ಭಾರಕ್ಕೆ ತೂತು ಬಾಯ್ಬಿಡ್ತು. ಧಡ್! ವೇದಿಕೆ ಕುಸಿದು ಎಲ್ಲರೂ ಕೆಸರಿಗೆ ಉರುಳಿದ್ರು. ನೀರು ಭೋರ್ ಅಂತ ಹೊರಗೆ ನುಗ್ಗಿತು.

"ಕಾರ್ಯಕ್ರಮದ ಪ್ರಕಾರ ಈಗ..." ನವಿಲು ಕೆಸರಿಂದ ಕತ್ತೆತ್ತಿತು.

"ಮುಚ್ಚು ಬಾಯಿ!" ಕೆಂಪಕ್ಕ ಹುಟ್ಟಿದ ಮೇಲೆ ಮೊದಲ ಸಲ ಕಿರುಚಿದಳು. "ನಿಯಮ ಗಿಯಮ ಆಮೇಲೆ. ದೊಡ್ಡಯ್ಯಣ್ಣ, ಹೋಗಿ ಆ ಸಂದೀಲಿ ಕೂತ್ಕೋ! ಕೋತಿ, ಮಣ್ಣು ತಾ! ಮೊಲ, ಹುಲ್ಲು! ಬೇಜಾರಾದ್ರೆ ಆಗ್ಲಿ!"

ದೊಡ್ಡಯ್ಯ ಧೊಪ್ಪನೆ ಕೂತ. ನೀರು ಗಕ್ಕನೆ ನಿಂತಿತು. ನವಿಲೂ ಸೇರಿ ಗಣ್ಯರೆಲ್ಲ ತೆಪ್ಪಗೆ ಮಣ್ಣು ಹೊತ್ರು. ಮಧ್ಯಾಹ್ನದ ಹೊತ್ತಿಗೆ ಕೋಣನ ಬೆನ್ನ ಹಿಂದೆ ಹೊಸ ಮಣ್ಣಿನ ಗೋಡೆ ಎದ್ದಿತ್ತು.

ಕೆಂಪಕ್ಕ ನೀರಿಗೆ ಮುಳುಗಿ ಹುಡುಕಿದಳು. ಕೋಣನ ಮೊಣಕಾಲುದ್ದ ನೀರು ಉಳಿದಿತ್ತು. ಅದರಲ್ಲಿ ಗೊದಮೊಟ್ಟೆಗಳು ಬಾಲ ಆಡಿಸ್ಕೊಂಡು ಹಾಯಾಗಿದ್ವು. ಅವಳಿಗೆ ಉಸಿರು ಬಂತು.

"ಅದಿರ್ಲಿ, ಅಧ್ಯಕ್ಷರು ಯಾರಾದ್ರು?" ಮೊಲ ಕೇಳಿತು.

"ದೊಡ್ಡಯ್ಯಣ್ಣ. ಒಪ್ಪಿಗೆ ಇದ್ದೋರು ಕೈ ಎತ್ತಿ." ಕೆಸರು ಮೆತ್ತಿದ ಕೈಗಳೆಲ್ಲ ಎದ್ದವು.

ದೊಡ್ಡಯ್ಯ ಹಿಗ್ಗಿಹೋದ. "ಹಂಗಾದ್ರೆ ಎದ್ದು ನಿಂತು ಒಂದೆರಡು ಮಾತು..."

"ಎದ್ದೀಯ, ಜೋಕೆ!" ಅಂದಳು ಕೆಂಪಕ್ಕ. "ಮಣ್ಣು ಒಣಗೋಕೆ ನಾಲ್ಕು ದಿನ ಬೇಕು. ಅಲ್ಲೀವರೆಗೂ ನೀನೇ ಹಂಗಾಮಿ ಅಧ್ಯಕ್ಷ. ಅಲ್ಲಾಡದೆ ಕೂತಿರೋದೇ ನಿನ್ನ ಕೆಲಸ."

ನೀತಿ: ಎಲ್ಲರನ್ನೂ ಮೆಚ್ಚಿಸೋಕೆ ಹೊರಟ್ರೆ ಸಭೆ ದೊಡ್ಡದಾಗುತ್ತೆ, ಕೆಲಸ ಕೆಡುತ್ತೆ. ಮೊದಲು ಆಗಬೇಕಾದ್ದನ್ನ ಮಾಡಿ, ಮರ್ಯಾದೆ ಆಮೇಲೆ ಹಂಚಿ.