ಹನ್ನೆರಡು ಫೋಟೋಗಳ ವಾಕರ್

ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ದ್ಯಾಮವ್ವ ಆರು ತಿಂಗಳಿಂದ ಗೋಡೆ ಹಿಡಿದೇ ನಡೆಯುತ್ತಿದ್ದಳು. ಅವಳ ಓಣಿಯ ಹನ್ನೆರಡು ಮಂದಿ ಮುದುಕರಿಗೆ ವಾಕರ್ ಹಂಚುತ್ತೇವೆಂದು ಸೇವಾ ಸಂಘದವರು ಕರೆದಾಗ ಅವಳೂ ಹೋದಳು. ವೇದಿಕೆಯ ಮೇಲೆ ಇದ್ದದ್ದು ಒಂದೇ ವಾಕರ್.

"ಫೋಟೋ ಆದ ಕೂಡಲೇ ಮುಂದಿನವರಿಗೆ ಕೊಟ್ಟುಬಿಡಬೇಕು. ನಿಮ್ಮ ನಿಮ್ಮ ವಾಕರ್ ಆಮೇಲೆ ಬರ್ತಾವೆ. ಶಿಸ್ತು ಇರಲಿ," ಎಂದರು ಸಂಘದ ಅಧ್ಯಕ್ಷ ಮೃತ್ಯುಂಜಯಪ್ಪ.

"ಆಮೇಲೆ ಅಂದ್ರ ಯಾವಾಗ್ರಿ?" ಎಂದಳು ದ್ಯಾಮವ್ವ.

"ಅನುಮಾನ ಪಡಬಾರದಮ್ಮ."

ದ್ಯಾಮವ್ವನಿಗೆ ಅನುಮಾನ ಉಳಿಯಲಿಲ್ಲ, ಖಾತ್ರಿಯಾಯಿತು. ಎಲ್ಲರನ್ನೂ ಮುಂದೆ ಬಿಟ್ಟು ಕೊನೆಯವಳಾಗಿ ನಿಂತಳು. ಅವಳ ಫೋಟೋ ಮುಗಿದದ್ದೇ ಅಧ್ಯಕ್ಷರು ವಾಕರಿಗೆ ಕೈ ಚಾಚಿದರು.

"ಮುಂದಿನವರಿಗೆ ನಾನೇ ಕೊಡ್ತೀನ್ರಿ. ಎಲ್ಲಿದ್ದಾರ?"

ಅವಳ ಹಿಂದೆ ಯಾರೂ ಇರಲಿಲ್ಲ.

"ಅದು ನಾಳೆ ಬೇರೆ ಊರಿನ ಫೋಟೋಗೆ ಹೋಗಬೇಕು," ಎಂದು ಅಧ್ಯಕ್ಷರು ಪಿಸುಗುಟ್ಟಿದರು.

"ಜೋರಾಗಿ ಹೇಳ್ರಿ. ಮೈಕ್ ಇಲ್ಲೇ ಐತಿ."

ಅಧ್ಯಕ್ಷರು ಮೈಕ್ ನೋಡಿದರು. ಎದುರು ಕೂತ ಪತ್ರಕರ್ತರನ್ನು ನೋಡಿದರು. ಆಮೇಲೆ ಚಪ್ಪಾಳೆ ತಟ್ಟಿದರು. ಸಭೆಯೂ ತಟ್ಟಿತು. ದ್ಯಾಮವ್ವ ವಾಕರ್ ಊರಿಕೊಂಡು ಮನೆಗೆ ಹೊರಟಳು.

ಉಳಿದ ಹನ್ನೊಂದು ಮಂದಿ ಒಬ್ಬರ ಭುಜ ಒಬ್ಬರು ಹಿಡಿದು ಅವಳ ಹಿಂದೆಯೇ ಬಂದರು. ಅವರಲ್ಲಿ ಪಕ್ಕದ ಮನೆಯ ರಾಚಪ್ಪ ಅವಳ ಬಾಗಿಲಲ್ಲಿ ನಿಂತು ಕೇಳಿದ, "ಯಕ್ಕಾ, ಮುಂಜಾನೆ ಒಂದು ತಾಸು ನನಗೂ ಕೊಡ್ತೀಯೇನು?"

ಇಲ್ಲ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಉಳಿದ ಹತ್ತು ಮಂದಿಯೂ ಅದನ್ನೇ ಕೇಳಿದರು.

ಈಗ ಓಣಿಯಲ್ಲಿ ಹಗಲಿಗೆ ಪಾಳಿ ಇದೆ, ತಲೆಗೊಂದು ತಾಸು. ದ್ಯಾಮವ್ವನ ಪಾಳಿ ಮಧ್ಯಾಹ್ನ ಎರಡರಿಂದ ಮೂರು. ದಿನದ ನಡಿಗೆಯನ್ನೆಲ್ಲ ಅವಳು ಅಷ್ಟರಲ್ಲೇ ಮುಗಿಸಿಕೊಳ್ಳಬೇಕು.