ಬಸವ ತಲೆಯಾಡಿಸಿದ ಊರು

"ಗುರುಗಳೇ, ಈ ವರ್ಷ ಮಠದ ಹಾಸ್ಟೆಲಿಗೆ ಮಕ್ಕಳನ್ನು ಕಂಪ್ಯೂಟರೇ ಆರಿಸಿತು. ಹಿಂದಿನ ವರ್ಷಗಳ ಆಯ್ಕೆಗಳನ್ನು ತೋರಿಸಿ ಅದಕ್ಕೆ ಕಲಿಸಿದ್ದೇವೆ. ಅದಕ್ಕೆ ನೆಂಟರಿಲ್ಲ, ಇಷ್ಟರಿಲ್ಲ. ಆದರೂ ಸೀಟು ಸಿಗದ ಹುಡುಗಿಯ ತಾಯಿ ಬೆಳಗಿನಿಂದ ಬಾಗಿಲಲ್ಲೇ ಕೂತು, ಯಾಕೆ ಸಿಗಲಿಲ್ಲ ಎಂದು ಕೇಳುತ್ತಿದ್ದಾಳೆ. ಏನು ಹೇಳಲಿ?" ಎಂದು ಶಿಷ್ಯ ಗುರುಶಾಂತ ಕೇಳಿದ.

ಗುರುಗಳ ಕಣ್ಣು ಹೊಳೆಯಿತು. ಕೂತಲ್ಲಿಂದ ಮುಂದೆ ಸರಿದು, "ಭಲೇ, ಕೇಳಬೇಕಾದ್ದನ್ನೇ ಕೇಳಿದೆ. ಕೂತ್ಕೋ" ಎಂದು ಶುರುಮಾಡಿದರು.

ಒಂದು ಊರು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅದರ ಅಂಗಳವನ್ನು ಊರವರಿಗೆ ಹಂಚುವುದು ರೂಢಿ. ಗೌಡ ಹಂಚಿದರೂ ಜಗಳ, ಹಿರಿಯರು ಹಂಚಿದರೂ ಜಗಳ. ಸಾಕುಸಾಕಾಗಿ, ಗಾಣದ ಮನೆಯ ಎತ್ತು ಬಸವನನ್ನು ತಂದು ನಿಲ್ಲಿಸಿದರು. ಕೇಳಲು ಬಂದವರ ಮುಂದೆ ಅದು ತಲೆಯಾಡಿಸಿದರೆ ಜಾಗ ಉಂಟು, ಮುಖ ತಿರುಗಿಸಿದರೆ ಇಲ್ಲ. ಜಗಳ ನಿಂತಿತು. ಎಲ್ಲರಿಗೂ ಖುಷಿ.

ಎಲ್ಲರಿಗೂ ಎಲ್ಲಿ ಬಂತು? ಒಬ್ಬ ಕುಂಬಾರ ಹೆಂಗಸಿಗೆ ಬಸವ ಪ್ರತಿ ಸಲವೂ ಮುಖ ತಿರುಗಿಸಿತು. ಅವಳು ಕೇಳಿದ್ದು ಒಂದು ಮೂಲೆಯ ಜೇಡಿಮಣ್ಣು, ಅಷ್ಟೇ. ಮಣ್ಣಿಲ್ಲದೆ ಮಡಕೆ ತಿರುವುವ ತಿಗರಿ ನಿಂತಿತು. ಇನ್ನು ಒಲೆಯೂ ಆರುವುದರಲ್ಲಿತ್ತು.

"ಗೌಡ್ರೇ, ನನಗೆ ಯಾಕಿಲ್ಲ?" ಎಂದಳು.

"ನನ್ನನ್ನೇನು ಕೇಳ್ತೀಯವ್ವಾ? ಮೂಕಪ್ರಾಣಿ. ಅದಕ್ಕೆ ನಿನ್ನ ಮೇಲೆ ಹಗೆಯೇ?" ಎಂದ ಗೌಡ.

ಅವಳಿಗೆ ಸಿಟ್ಟು ನೆತ್ತಿಗೇರಿತು. ನೆಟ್ಟಗೆ ಗಾಣದ ಮನೆಯ ಕೊಟ್ಟಿಗೆಗೆ ಹೋಗಿ ನಿಂತಳು. ಶೇಂಗಾ ಹಿಂಡಿಯ ಬುಟ್ಟಿ ಬಂದದ್ದೇ ತಡ, ಬಸವ ತಲೆಯಾಡಿಸಿತು. ಕರುವಾಗಿದ್ದಾಗಿನಿಂದ ಅದು ತಿಂದದ್ದು ಅದನ್ನೇ. ಶೇಂಗಾ ಬೆಳೆಯುವವರ ಕೈಯಲ್ಲಿ, ಬಟ್ಟೆಯಲ್ಲಿ ಅದೇ ವಾಸನೆ. ಇವಳ ಮೈಯಲ್ಲಿ ಬರೀ ಹೊಗೆ. ಮೋಸ ಯಾರೂ ಮಾಡಿರಲಿಲ್ಲ. ಆದರೆ ಬಂದು ನೋಡಿದವರೂ ಯಾರೂ ಇರಲಿಲ್ಲ.

ಮಾರನೆಯ ದಿನ ಅವಳು ಹೊಲದ ಬೆದರುಬೊಂಬೆಗೆ ಹಿಂಡಿ ಮೆತ್ತಿ, ಹೊತ್ತು ತಂದು ಬಸವನ ಮುಂದೆ ನಿಲ್ಲಿಸಿದಳು. "ಇವನಿಗೂ ಕೆರೆಯಂಗಳ ಬೇಕಂತೆ" ಎಂದಳು. ಬಸವ ಮೂಸಿತು. ಆಮೇಲೆ ನೋಡು, ಗೋಣು ಕಳಚುವ ಹಾಗೆ ತಲೆಯಾಡಿಸಿತು. ಊರಿಗೆ ಊರೇ ಬಿದ್ದು ಬಿದ್ದು ನಕ್ಕಿತು. ಗೌಡನಿಗೆ ನಗು ಬರಲಿಲ್ಲ. ಜೇಡಿಮಣ್ಣಿನ ಮೂಲೆಯನ್ನು ಅಂದೇ ಅವಳಿಗೆ ಬಿಟ್ಟುಕೊಟ್ಟ.

ಗುರುಗಳು ತೊಡೆ ತಟ್ಟಿಕೊಂಡು ನಕ್ಕರು. ಗುರುಶಾಂತನೂ ನಕ್ಕ. ಅವನ ನಗು ಮುಗಿಯುವ ಮೊದಲೇ ಗುರುಗಳು ಬಾಗಿಲ ಕಡೆ ಕೈ ತೋರಿಸಿದರು.

"ನಿನ್ನ ಕಂಪ್ಯೂಟರು ಯಾವ ಹಿಂಡಿ ತಿಂದು ಬೆಳೆದಿದೆ ಅಂತ ಆ ತಾಯಿಗೆ ಹೇಳಿ ಬಾ."

ಗುರುಶಾಂತ ಎದ್ದು, ಹಿಂದಿನ ವರ್ಷಗಳ ಆಯ್ಕೆಪಟ್ಟಿಗಳನ್ನು ತೆಗೆದು ನೋಡಲು ಹೋದ.