ಕೊನೆಯ ಬೆಂಚಿಗೆ ಬಂದ ಸಮಾಧಾನ

ಶಿಷ್ಯ ಸತ್ಯಮಿತ್ರ ಕೇಳಿದ: "ಅಯ್ಯನವರೇ, ಎಲ್ಲ ಕ್ರೈಸ್ತ ಸಭೆಗಳವರೂ ಒಂದೇ ದೇವಾಲಯದಲ್ಲಿ ಕೂಡಿ ಶಾಂತಿಗಾಗಿ ಪ್ರಾರ್ಥಿಸುತ್ತೇವೆ. ಆದರೂ ಕಾದಾಟ ನಿಲ್ಲುವುದಿಲ್ಲ. ದೇವರು ಯಾಕೆ ಕೇಳುತ್ತಿಲ್ಲ?"

ದಾನಿಯೇಲಪ್ಪ ಅಯ್ಯನವರು ವಯಸ್ಸಾದ ಸಭಾಪಾಲಕರು, ಸುವಾರ್ತಿಕರಾಗಲು ಬಂದವರಿಗೆ ಪಾಠ ಹೇಳುವವರು. ದೇವರ ಮೇಲೆ ದೂರು ತಂದವರನ್ನು ಅವರು ಬೇಗ ಬಿಡುತ್ತಿರಲಿಲ್ಲ. ಸತ್ಯಮಿತ್ರನನ್ನು ಕೂರಿಸಿ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಮೇಲೆ ಬಣ್ಣಗಾರರ ಓಣಿ, ಕೆಳಗೆ ನೇಕಾರರ ಓಣಿ. ಮೇಲಿನವರು ಚೆಲ್ಲಿದ ಬಣ್ಣದ ನೀರು ಇಳಿದುಬಂದು ಕೆಳಗಿನವರ ಬಾವಿ ಸೇರುತ್ತಿತ್ತು. ಮಾತಿನಲ್ಲಿ ಶುರುವಾದ ಜಗಳ ಕಲ್ಲಿಗೆ ಬಂತು. ಬಣ್ಣಗಾರರಲ್ಲಿ ಹೆಚ್ಚಿನವರು ಕಥೋಲಿಕರು, ನೇಕಾರರಲ್ಲಿ ಹೆಚ್ಚಿನವರು ಪ್ರೊಟೆಸ್ಟೆಂಟರು. ಜಗಳ ನೀರಿನದೇ ಹೊರತು ಸಭೆಯದಲ್ಲ. ಆದರೆ ಕಲ್ಲು ಹಿಡಿದವರಿಗೆ ಒಂದು ಕಾರಣ ಸಾಲುವುದಿಲ್ಲ, ಅದನ್ನೂ ಸೇರಿಸಿಕೊಂಡರು.

ಕೋಣಗಳೆರಡು ಕಾದಾಡಿದರೆ ಗಿಡಕ್ಕೆ ಕುತ್ತು. ಒಬ್ಬ ನೇಕಾರನ ಮಗ ನೂಲು ತರಲು ಹೋಗಿದ್ದ. ಜಗಳದಲ್ಲಿ ಇರಲೂ ಇಲ್ಲ. ಕಲ್ಲು ಬಿದ್ದು ಅವನ ಒಂದು ಕಣ್ಣು ಹೋಯಿತು. ಎಸೆದವನು ಒಬ್ಬ ಬಣ್ಣಗಾರ ಎಂಬುದು ಊರಿಗೆಲ್ಲ ಗೊತ್ತಿತ್ತು, ಅವನೂ ಅಲ್ಲಗಳೆಯಲಿಲ್ಲ. ಕೆಲವು ದಿನಗಳ ಮೇಲೆ ನೇಕಾರರ ಓಣಿಯ ತರುಣರು ಆ ನೇಕಾರನ ಬಳಿ ಬಂದು, ನೀನು ಹೂಂ ಅಂದರೆ ಸಾಕು, ಇವತ್ತೇ ಮೇಲಿನ ಓಣಿಗೆ ಬೆಂಕಿ ಇಡುತ್ತೇವೆ ಎಂದರು. ಅಂದೇ ಎಲ್ಲ ಸಭೆಗಳ ಶಾಂತಿಪ್ರಾರ್ಥನೆ ಇತ್ತು. ಪ್ರಾರ್ಥನೆ ಮುಗಿಯಲಿ, ಆಮೇಲೆ ಹೇಳುತ್ತೇನೆ ಎಂದ ನೇಕಾರ. ತರುಣರು ದೇವಾಲಯದ ಹೊರಗೆ ಕಾಯುತ್ತ ನಿಂತರು.

ಈ ಪ್ರಾರ್ಥನೆಯನ್ನು ಏರ್ಪಡಿಸಲು ಹಿರಿಯರು ಪಟ್ಟ ಪಾಡು ಅಷ್ಟಿಷ್ಟಲ್ಲ. ಒಬ್ಬರು 'ಸಮಾಧಾನ' ಅನ್ನಬೇಕು ಎಂದರು, ಇನ್ನೊಬ್ಬರು 'ಶಾಂತಿ' ಅನ್ನಬೇಕು ಎಂದರು. ಅದರ ಹೆಸರಿಗಾಗಿಯೇ ಇಬ್ಬರೂ ಮುಖ ಕೆಂಪಗೆ ಮಾಡಿಕೊಂಡರು. ಪ್ರಭುಭೋಜನದ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚಿಕೊಳ್ಳುವ ಹಾಗಿರಲಿಲ್ಲ, ಎರಡು ಸಭೆಗಳ ಮೇಲಧಿಕಾರಿಗಳೂ ಅದಕ್ಕೆ ಒಪ್ಪುವುದಿಲ್ಲ. ಹಾಗಾಗಿ ಹಂಚಿಕೊಳ್ಳಲು ಉಳಿದದ್ದು ಸಮಾಧಾನವೊಂದೇ. ಅದನ್ನು ಪ್ರೊಟೆಸ್ಟೆಂಟರ ರೂಢಿಯಂತೆ ಕೊಡುವುದೆಂದು ಕೊನೆಗೆ ಗೊತ್ತಾಯಿತು. ಆ ದೇವಾಲಯದ ಪಾಲಕರು ಪೀಠದ ಬಳಿ ಒಬ್ಬನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದು ಸಮಾಧಾನ ಹೇಳುತ್ತಾರೆ. ಅವನು ಪಕ್ಕದವನಿಗೆ, ಪಕ್ಕದವನು ಮುಂದಿನವನಿಗೆ. ಹೀಗೆ ಬೆಂಚಿನಿಂದ ಬೆಂಚಿಗೆ ಸಾಗಿ ಬಾಗಿಲ ಬಳಿ ಕೂತ ಕಟ್ಟಕಡೆಯವರಿಗೆ ಮುಟ್ಟಬೇಕು. ಅವರು ಕೈ ಎತ್ತಿದ ಮೇಲೆಯೇ ಪ್ರಾರ್ಥನೆ ಆರಂಭ.

ಹಿರಿಯರು ಇನ್ನೊಂದು ನಿಯಮವನ್ನೂ ಮಾಡಿದ್ದರು. ಒಂದು ಸಭೆಯವರ ಪಕ್ಕ ಇನ್ನೊಂದು ಸಭೆಯವರೇ ಕೂರಬೇಕು. ಕಣ್ಣಿಗೆ ಚೆನ್ನಾಗಿ ಕಾಣಲಿ ಎಂದು.

ನೇಕಾರ ದೂರ ನಡೆಯಲಾರದ ತನ್ನ ತಾಯಿಯನ್ನು ಎತ್ತಿ ತಂದು ಕೊನೆಯ ಬೆಂಚಿನ ತುದಿಯಲ್ಲಿ, ಬಾಗಿಲ ಬಳಿ ಕೂರಿಸಿದ. ಅವಳ ಕೋಲನ್ನು ಮೂಲೆಗಿಟ್ಟು ಬರುವಷ್ಟರಲ್ಲಿ ಬೆಂಚು ನೋಡಿಕೊಳ್ಳುವವನು ಅವಳ ಪಕ್ಕ ಒಬ್ಬ ಕಥೋಲಿಕನನ್ನು ಕೂರಿಸಿದ್ದ. ಅವನು ಅದೇ ಬಣ್ಣಗಾರ. ನೇಕಾರ ಜಾಗ ಬದಲಿಸಲು ಕೇಳಿದ. ಇವತ್ತು ನಮ್ಮವರು ನಮ್ಮವರ ಪಕ್ಕ ಕೂರುವ ಹಾಗಿಲ್ಲ ಎಂದು ಹೇಳಿ ಬೆಂಚಿನವನು ಹೋದ. ನೇಕಾರ ಹಲ್ಲು ಕಚ್ಚಿ ಬಣ್ಣಗಾರನ ಈ ಬದಿಗೆ ಕೂತ. ಆ ಬದಿಗೆ ತಾಯಿ.

ಸಮಾಧಾನ ಪೀಠದಿಂದ ಹೊರಟಿತು. ಕೈಯಿಂದ ಕೈಗೆ ದಾಟಿ ಕೊನೆಯ ಬೆಂಚಿಗೆ ಬಂದು ನೇಕಾರನಿಗೆ ಮುಟ್ಟಿತು. ಅಲ್ಲಿಗೆ ನಿಂತಿತು.

ಬಣ್ಣಗಾರ ಕೈಗಳನ್ನು ಹೊದ್ದ ಶಾಲಿನೊಳಗೆ ಇಟ್ಟುಕೊಂಡಿದ್ದ. ಚಾಚಲು ಅವನಿಗೆ ಮುಖವಿರಲಿಲ್ಲ. ನೇಕಾರ ಅವನತ್ತ ನೋಡಲಿಲ್ಲ. ಅವನ ಮುಂದಿನಿಂದಲೇ ಬಗ್ಗಿ, ತಾಯಿಯತ್ತ ಕೈ ಚಾಚಿದ.

ಮೊಮ್ಮಗನ ಕಣ್ಣಿನ ಪಟ್ಟಿಯನ್ನು ದಿನವೂ ಬಿಚ್ಚಿ, ತೊಳೆದು, ಮತ್ತೆ ಕಟ್ಟುತ್ತಿದ್ದವಳು ಅವಳೇ. ಆ ಗಾಯವನ್ನು ಅವಳಷ್ಟು ಹತ್ತಿರದಿಂದ ಕಂಡವರು ಬೇರೆ ಯಾರೂ ಇರಲಿಲ್ಲ. ಅವಳು ಮಗನ ಕೈ ನೋಡಿದಳು. ತನ್ನ ಕೈ ಮಡಿಲಲ್ಲೇ ಇಟ್ಟುಕೊಂಡಳು.

"ತಮ್ಮಾ, ಇದು ಅವನ ಕೈಯಿಂದ ಬರಬೇಕು. ಅವಗ ಮುಟ್ಟದ್ದು ನನಗ ಹ್ಯಾಂಗ ಮುಟ್ಟತೈತಿ?"

ನೇಕಾರನ ಕೈ ಬಣ್ಣಗಾರನ ಎದುರಿಗೇ ನಿಂತುಬಿಟ್ಟಿತು. ಹಿಂದಕ್ಕೆ ಎಳೆದುಕೊಳ್ಳಲಾರ, ಇಳಿಸಲಾರ. ಬಣ್ಣಗಾರ ಆ ಕೈಯನ್ನೇ ನೋಡುತ್ತಿದ್ದ. ಮುಂದಿನ ಬೆಂಚಿನವರು ತಿರುಗಿ ನೋಡಿದರು. ಪೀಠದ ಬಳಿ ಪಾಲಕರು, ಯಾಕೆ ತಡವಾಯಿತೆಂದು ತಿಳಿಯದೆ, ಪುಸ್ತಕ ತೆರೆದು ನಿಂತಿದ್ದರು. ಹೊರಗೆ ತರುಣರು ಕಾಯುತ್ತಿದ್ದರು. ಮುದುಕಿಯ ಕೈ ಮಡಿಲು ಬಿಟ್ಟು ಮೇಲೇಳಲಿಲ್ಲ.

ಅಯ್ಯನವರು ಇಷ್ಟು ಹೇಳಿ ಕನ್ನಡಕ ತೆಗೆದು ಒರೆಸತೊಡಗಿದರು. ಸತ್ಯಮಿತ್ರ ಕಾದ. ಅವರು ಮುಂದುವರಿಸುವ ಲಕ್ಷಣ ಕಾಣಲಿಲ್ಲ. ಕೊನೆಗೆ ತಡೆಯಲಾರದೆ ಕೇಳಿದ: "ಆಮೇಲೆ? ಅವರ ಪ್ರಾರ್ಥನೆಯನ್ನಾದರೂ ದೇವರು ಕೇಳಿದನೆ?"

"ಯಾವ ಪ್ರಾರ್ಥನೆ, ಮಗು? ಅದಿನ್ನೂ ಶುರುವೇ ಆಗಿಲ್ಲವಲ್ಲ."